ದೈವದ ಮುಂದೆ ನಾಟಕ

ನಮ್ಮ ಧಾರವಾಡದ ಕಡೆಯ ಹಳ್ಳಿಗಳಲ್ಲಿ 'ದೈವ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಗುಡಿಯೊಳಗೆ ಕುಳಿತಿರುವುದು ಒಂದು ದೈವ. ಗುಡಿಯ ಹೊರಗೆ, ಕಟ್ಟೆಯ ಮೇಲೆ, ಎಲೆಯಡಿಕೆ ಮೆಲ್ಲುತ್ತ ಕುಳಿತಿರುವ ಹಿರಿಯರ ಕೂಟ ಇನ್ನೊಂದು. ಮೊದಲನೆಯದಕ್ಕೆ ಒಂದು ತೆಂಗಿನಕಾಯಿ ಸಾಕು. ಎರಡನೆಯದು ಅಷ್ಟು ಸುಲಭವಾಗಿ ಒಲಿಯುವುದಿಲ್ಲ. ಊರಿನ ತರುಣರು ಜಾತ್ರೆಗೊಂದು ನಾಟಕವಾಡಬೇಕೆಂದು ಬಯಸಿದರೆ ಈ ಎರಡನೆಯ ದೈವದ ಮುಂದೆಯೇ ಕೈಕಟ್ಟಿ ನಿಲ್ಲಬೇಕು.

ಅಲ್ಲಿ ಕೇಳುವ ಪ್ರಶ್ನೆಗಳು ಕಲಾವಿಮರ್ಶೆಯ ಗ್ರಂಥಗಳಲ್ಲಿ ಸಿಕ್ಕುವಂಥವಲ್ಲ. ಪೇಟಿ ಮಾಸ್ತರ ಯಾರು? ಸ್ತ್ರೀಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸಿದರೆ ಅವರಿಗೆ ಕೊಡುವುದೆಷ್ಟು? ತಾಲೀಮಿಗೆ ಯಾರ ಕೊಟ್ಟಿಗೆ? ಪಟ್ಟಿ ಎತ್ತಿದರೆ ಎಷ್ಟು ಕೂಡೀತು? ನಾಯಕನ ಪಾತ್ರವು ಕಂಠಕ್ಕಿಂತ ಹೆಚ್ಚಾಗಿ ಕಿಸೆಯನ್ನು ನೋಡಿ ಹಂಚಿಕೆಯಾಗುವುದೂ ಉಂಟು. ಅದನ್ನು ಕಂಡು ನಗುವ ಪಟ್ಟಣಿಗರು, ಅಕಾಡೆಮಿಗಳಿಗೆ ನಾವು ಬರೆದುಕೊಳ್ಳುವ ಅರ್ಜಿಗಳನ್ನು ಒಮ್ಮೆ ಓದಿ ನೋಡಬೇಕು. ಅಲ್ಲಿಯೂ ಕೊನೆಗೆ ಉಳಿಯುವುದು ಖರ್ಚಿನ ತಃಖ್ತೆಯೇ.

ಅರಸನಿದ್ದಲ್ಲಿ ಈ ತೊಡಕಿಲ್ಲ. ಉತ್ತರ ಕನ್ನಡದ ಕರ್ಕಿಯ ಭಾಗವತರ ಮೇಳ 1842ರಲ್ಲಿ ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡು ಮೆಚ್ಚಿದ ಅಲ್ಲಿಯ ಅರಸರು ವಿಷ್ಣುದಾಸ ಭಾವೆಯವರಿಗೆ ಮರಾಠಿಯಲ್ಲೊಂದು ಆಟ ಕಟ್ಟಲು ಹೇಳಿದರು; 1843ರಲ್ಲಿ 'ಸೀತಾ ಸ್ವಯಂವರ' ರಂಗವೇರಿತು. ಒಬ್ಬನ ಮನಸ್ಸು ಒಲಿದರೆ ಸಾಕಾಗಿತ್ತು. ಮುಂದೆ ಆ ಮರಾಠಿ ಮಂಡಳಿಗಳೇ ನಮ್ಮ ಊರುಗಳಿಗೆ ಬಂದು ನಮ್ಮ ಜನರನ್ನು ಮರುಳುಮಾಡತೊಡಗಿದಾಗ, ಕನ್ನಡದಲ್ಲಿಯೂ ನಾಟಕವಾಗಬೇಕೆಂದು ಗದಗಿನಲ್ಲಿ ಎದ್ದುನಿಂತವರು ಶಾಂತಕವಿಗಳು. ಅವರ ಬೆನ್ನಿಗೆ ಅರಸನಿರಲಿಲ್ಲ, ಇದ್ದದ್ದು ಊರು.

ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಬಹುದೂರದ ರುಮಾನಿಯಾದ ಯಾಸಿ ಎಂಬ ಪಟ್ಟಣದಲ್ಲಿ, 1876ರಲ್ಲಿ, ಅಬ್ರಹಾಂ ಗೋಲ್ಡ್‌ಫಾಡೆನ್ ಎಂಬ ಯಹೂದಿ ಕವಿ ತನ್ನ ಜನರ ಮನೆಮಾತಾದ ಯಿದ್ದಿಷ್ ಭಾಷೆಯಲ್ಲಿ ವೃತ್ತಿ ರಂಗಭೂಮಿಯನ್ನು ಆರಂಭಿಸಿದನು. ಅದಕ್ಕೂ ಹಿಂದೆ ಯಹೂದಿಗಳಲ್ಲಿ ಪೂರಿಮ್ ಹಬ್ಬದ ದಿನ ಎಸ್ತೇರ್ ರಾಣಿಯ ಕಥೆಯನ್ನು ಮನೆಮನೆಯ ಮುಂದೆ ಆಡಿ ಕಾಸು ಬೇಡುವ ರೂಢಿಯಿತ್ತು. ನಮ್ಮ ಜಾತ್ರೆಯ ಆಟಗಳ ನೆನಪಾಗುವುದಿಲ್ಲವೇ? ವರ್ಷಕ್ಕೊಮ್ಮೆ ನೋಡಿದ ಕಥೆಯನ್ನೇ ಮತ್ತೆ ನೋಡುವ ಸಮುದಾಯದ ಮುಂದೆ ಹೊಸ ಕಥೆಯೊಂದನ್ನು ಇಡುವುದು ಎಲ್ಲಿಯಾದರೂ ಎದೆ ನಡುಗಿಸುವ ಕೆಲಸವೇ. ಆ ಕಥೆ ಕೇಳುವವರದೇ ಆಗಿದ್ದರಂತೂ ಹೇಳಬೇಕಾಗಿಯೇ ಇಲ್ಲ.

ಕಳೆದ ವರ್ಷ ನವಲಗುಂದ ತಾಲೂಕಿನ ಒಂದು ಹಳ್ಳಿಯಲ್ಲಿ ನಾನು ಕಂಡದ್ದು ಅದನ್ನೇ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಗೆಳೆಯರೊಡನೆ ಸೇರಿ ತಾನೇ ಒಂದು ನಾಟಕ ಬರೆದಿದ್ದನು. ವಸ್ತು, 1980ರ ಜುಲೈ 21. ಮಲಪ್ರಭೆಯ ನೀರಾವರಿ ಜಮೀನಿನ ಮೇಲೆ ಹೇರಿದ ಅಭಿವೃದ್ಧಿ ಕರವನ್ನು ವಿರೋಧಿಸಿ ರೈತರು ನವಲಗುಂದದಲ್ಲಿಯೂ ನರಗುಂದದಲ್ಲಿಯೂ ಬೀದಿಗಿಳಿದ ದಿನ. ಗುಂಡು ಹಾರಿ ರೈತರು ಮಡಿದ ದಿನ. ನರಗುಂದದಲ್ಲಿ ಜನರ ರೋಷಕ್ಕೆ ಪೊಲೀಸರೂ ಬಲಿಯಾದ ದಿನ. ಹುಡುಗರಿಗೆ ಅದು ಇತಿಹಾಸ. ಕಟ್ಟೆಯ ಮೇಲಿದ್ದ ಹಿರಿಯರಲ್ಲಿ ಕೆಲವರಿಗೆ ಅದು ತಾವೇ ಓಡಿದ ರಸ್ತೆ.

ಹುಡುಗನು ಕಥೆಯನ್ನು ಸೊಗಸಾಗಿಯೇ ಹೇಳಿದನು. ಯಾರೂ ತಲೆದೂಗಲಿಲ್ಲ. ಬಹಳ ಹೊತ್ತಿನ ಮೇಲೆ ಹಿರಿಯರೊಬ್ಬರು, "ತಮ್ಮಾ, ಅವತ್ತ ನಾನೂ ಹೋಗಿದ್ದೆ. ಗುಂಡಿನ ಸಪ್ಪಳಾ ಕೇಳಿ ಚಪ್ಪಲಿ ಬಿಟ್ಟು ಓಡಿ ಬಂದೆ. ನಿನ್ನ ನಾಟಕದಾಗ ಎಲ್ಲಾರೂ ಎದಿಯೊಡ್ಡಿ ನಿಂತಾರ. ಓಡಿದವರು ಎಲ್ಲಿ ಹ್ವಾದ್ರು?" ಎಂದರು.

ಹುಡುಗನು ನನ್ನ ಮುಖ ನೋಡಿದನು. ನಾನು ಸುಮ್ಮನಿದ್ದೆ, ಉತ್ತರ ಕೊಡಬೇಕಾದವನು ನಾನಲ್ಲ.

"ಬರೀತೀನಿ ಅಜ್ಜಾರ. ನೀವು ಹೇಳ್ರಿ, ನಾ ಬರಕೋತೀನಿ."

ಅಲ್ಲಿಂದ ಮಾತಿನ ದಾರಿಯೇ ಬದಲಾಯಿತು. ಮೂರು ರಾತ್ರಿ ಗುಡಿಯ ಪೌಳಿಯಲ್ಲಿ ನಾಟಕವನ್ನು ಓದಿಸಿ ಕೇಳಿದರು. ಅಂದು ಎಷ್ಟು ಚಕ್ಕಡಿಗಳು ಹೋಗಿದ್ದುವು, ಬುತ್ತಿ ಕಟ್ಟಿಕೊಟ್ಟವರು ಯಾರು, ಸಂಜೆ ಯಾರ ಮನೆಯಲ್ಲಿ ಒಲೆ ಹೊತ್ತಲಿಲ್ಲ, ಒಂದೊಂದಾಗಿ ಹೊರಬಂದುವು. ಕಂಬದ ಮರೆಯಲ್ಲಿ ಕುಳಿತಿದ್ದ ಹೆಂಗಸರಲ್ಲಿ ಒಬ್ಬ ಮುದುಕಿ, "ಪೊಲೀಸರೂ ಹಡದ ತಾಯಿಗೆ ಮಕ್ಕಳs ಅದಾರಪ್ಪ, ಅವರನ್ನ ರಾಕ್ಷಸರ ಮಾಡಬ್ಯಾಡ್ರಿ" ಎಂದಳು. ಇದಕ್ಕೆ ಒಪ್ಪದವರೂ ಇದ್ದರು, ದನಿ ಏರಿತು, ಒಬ್ಬರು ಎದ್ದು ಮನೆಗೆ ಹೋದರು. ಮರುದಿನ ಅವರೇ ಎಲ್ಲರಿಗಿಂತ ಮೊದಲು ಬಂದು ಕುಳಿತಿದ್ದರು.

ಹೀಗೆ ತಿದ್ದಿಸಿಕೊಂಡ ನಾಟಕ ಮೊದಲಿನದಕ್ಕಿಂತ ಬಿಗಿಯಾಗಿದೆಯೆಂದು ಹೇಳಲಾರೆ. ಎರಡು ದೃಶ್ಯಗಳು ಲಂಬಿಸಿವೆ. ನಡುವೆ ಸೇರಿಸಿದ ಹಾಸ್ಯದ ಪ್ರವೇಶ ನನಗೆ ಸೇರಲಿಲ್ಲ. ಆದರೆ ಅದರಲ್ಲಿ ಈಗ ಓಡುವವರಿದ್ದಾರೆ, ಚಪ್ಪಲಿಗಳಿವೆ.

ಒಪ್ಪಿಗೆಗೆ ದೈವ ಹಾಕಿದ ಕರಾರು ಒಂದೇ. ಗುಂಡು ಹಾರುವ ದೃಶ್ಯದಲ್ಲಿ ಪಟಾಕಿ ಹಚ್ಚಕೂಡದು. "ಮುಂದ ಕೂಡವರೊಳಗ ಅವತ್ತಿನ ಸಪ್ಪಳಾ ಕೇಳಿದವರು ಅದಾರ" ಎಂದರು. ಗುಂಡಿನ ಸಪ್ಪಳವಿಲ್ಲದೆ ನಾಟಕವೇ ಇಲ್ಲವೆಂದು ಹುಡುಗರು ವಾದಿಸಿದರು. ಪೇಟಿ ಮಾಸ್ತರರು ಇಬ್ಬರ ಮಾತನ್ನೂ ಕೇಳಿ, ಪೇಟಿಯ ಮೇಲೆ ಒಂದು ಸ್ವರವನ್ನು ಹಿಡಿದು ನಿಲ್ಲಿಸಿ, ತಟ್ಟನೆ ಬೆರಳು ತೆಗೆದರು. ಪೌಳಿಯಲ್ಲಿ ಯಾರೂ ಮಾತನಾಡಲಿಲ್ಲ. ಅದೇ ಆಗಲಿ ಎಂದಾಯಿತು.

ಪಟ್ಟಿ ಎತ್ತಿದ್ದಾಗಿದೆ; ಕೊಟ್ಟಿಗೆಯೂ ದೊರೆತಿದೆ. ಇನ್ನು ಉಳಿದಿರುವ ಸಂಕಟ ಒಂದೇ: ಫೌಜದಾರನ ಪಾತ್ರಕ್ಕೆ ಊರಿನಲ್ಲಿ ಒಬ್ಬನೂ ಒಪ್ಪುತ್ತಿಲ್ಲ. ಹಣ ಕೊಟ್ಟು ನಾಯಕನಾಗಲು ನಾಲ್ವರು ಮುಂದೆ ಬಂದಿದ್ದರೂ, ಹಣ ಕೊಡುತ್ತೇವೆಂದರೂ ಆ ಟೋಪಿಯನ್ನು ತಲೆಯ ಮೇಲಿಡಲು ಯಾರೂ ಸಿದ್ಧರಿಲ್ಲ. ಅಣ್ಣಿಗೇರಿಯ ಕಡೆ ಗಟ್ಟಿ ಕಂಠದ ಹುಡುಗನೊಬ್ಬನಿದ್ದಾನಂತೆ. ಅವನನ್ನು ಕೇಳಿಬರಲು ಇಬ್ಬರು ಹೋಗಿದ್ದಾರೆ.