ಪರದೇಶದ ಕೂಟ, ಊರಿನ ಜಗಲಿ



ಊರು ಬಿಟ್ಟು ದೂರ ಹೋಗುವ ಮನುಷ್ಯ ತನ್ನೊಡನೆ ಏನೇನನ್ನು ಕೊಂಡೊಯ್ಯುತ್ತಾನೆ? ನಾಲ್ಕು ಜೊತೆ ಬಟ್ಟೆ, ತಾಯಿ ಕಟ್ಟಿಕೊಟ್ಟ ಸಾರಿನ ಪುಡಿ, ಉಪ್ಪಿನಕಾಯಿಯ ಡಬ್ಬಿ, ಮನೆಯವರ ಒಂದೆರಡು ಭಾವಚಿತ್ರ. ಇವನ್ನೆಲ್ಲ ವಿಮಾನ ನಿಲ್ದಾಣದ ತಕ್ಕಡಿ ತೂಗಿ ನೋಡುತ್ತದೆ. ಯಾವ ತಕ್ಕಡಿಗೂ ಸಿಗದ ಸಾಮಾನುಗಳೂ ಕೆಲವಿರುತ್ತವೆ. ಮಾತು, ಹಬ್ಬ, ಹಾಡು, ಪ್ರಾರ್ಥನೆ ಅಂಥವು. ತಮ್ಮೂರಿನ ತಂಡದ ಮೇಲಿನ ಅಭಿಮಾನವೂ ಈ ಸಾಲಿಗೆ ಸೇರಿದ್ದೆಂದರೆ ನಿಮ್ಮಲ್ಲಿ ಕೆಲವರು ನಕ್ಕಾರು. ನಗುವ ಮುನ್ನ ನನ್ನ ಮಾತನ್ನು ತುಸು ಕೇಳಿ.

ಮೇ ತಿಂಗಳ ಒಂದು ಸಂಜೆ ನಮ್ಮಲ್ಲಿ ಏಳೂವರೆಗೆ ಕ್ರಿಕೆಟ್ ಪಂದ್ಯ ಆರಂಭವಾಯಿತೆನ್ನಿ. ಆಗ ದುಬೈಯಲ್ಲಿ ಆರು ಗಂಟೆ, ಲಂಡನ್ನಿನಲ್ಲಿ ಮಧ್ಯಾಹ್ನ ಮೂರು, ನ್ಯೂಯಾರ್ಕಿನಲ್ಲಿ ಬೆಳಗಿನ ಹತ್ತು, ಸಿಡ್ನಿಯಲ್ಲಿ ನಡುರಾತ್ರಿ. ಈ ಎಲ್ಲ ಕಡೆಗಳಲ್ಲಿಯೂ ಕನ್ನಡಿಗರು ಒಂದೇ ಪಂದ್ಯವನ್ನು ನೋಡುತ್ತಿರುತ್ತಾರೆ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವಿರುವುದು ಬೇರೆ ಸಂಗತಿಯಲ್ಲಿ. ಅಂಗೈಯ ಮೊಬೈಲಿನಲ್ಲಿಯೇ ಆಟ ಕಾಣುವ ಈ ಕಾಲದಲ್ಲಿಯೂ ಅವರು ನಿದ್ದೆಗೆಟ್ಟು, ರಜೆ ಹಾಕಿ, ಹತ್ತಾರು ಮೈಲಿ ಕಾರು ಓಡಿಸಿಕೊಂಡು ಬಂದು ಒಂದೇ ಮನೆಯಲ್ಲಿ ಸೇರುತ್ತಾರೆ. ಏಕೆ?

ಈ ಹಂಬಲ ನಮ್ಮವರಿಗೆ ಮಾತ್ರ ಸೇರಿದ್ದಲ್ಲ. ಅಮೆರಿಕದವರಿಗೆ ತಾವು ಓದಿದ ಕಾಲೇಜಿನ ಫುಟ್‌ಬಾಲ್ ತಂಡವೆಂದರೆ ಪ್ರಾಣ. ಅವರ ಫುಟ್‌ಬಾಲ್ ನಮ್ಮದಲ್ಲ. ಮೊಟ್ಟೆಯಾಕಾರದ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು ಓಡುವ ಆಟ. ಸಾಮಾನ್ಯವಾಗಿ ಶನಿವಾರ ನಡೆಯುತ್ತದೆ. ಅಲ್ಲಿ ಮಧ್ಯಾಹ್ನವಾದಾಗ ಯುರೋಪಿನಲ್ಲಿ ರಾತ್ರಿ, ನಮ್ಮಲ್ಲಿ ಭಾನುವಾರ ಹುಟ್ಟುವ ಹೊತ್ತು. ಹೊರದೇಶಗಳಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಆ ಹೊತ್ತಿನಲ್ಲಿಯೂ ತಮ್ಮ ಕಾಲೇಜಿನ ಬಣ್ಣದ ಅಂಗಿ ತೊಟ್ಟು ಒಂದೆಡೆ ಕಲೆಯುತ್ತಾರೆ. ಪವಿತ್ರ ಶಿಲುಬೆಯ ಸಭೆಯ ಗುರುಗಳಾದ ಎಡ್ವರ್ಡ್ ಸೋರಿನ್ ಅವರು 1842ರಲ್ಲಿ ಸ್ಥಾಪಿಸಿದ ನೋತ್ರ್‌ ದಾಮ್ ವಿಶ್ವವಿದ್ಯಾಲಯದ ತಂಡ 1996, 2012 ಮತ್ತು 2023ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರಕ್ಕೇ ಹೋಗಿ ಆಡಿತು. ಅದನ್ನು ನೋಡಲು ಸಾವಿರಾರು ಜನ ಸಮುದ್ರ ದಾಟಿ ಹೋದರು. ವಯಸ್ಸಾದವರೂ ಆ ದಿನ ವಿದ್ಯಾರ್ಥಿಗಳಾಗುತ್ತಾರೆ.

ಅಮೆರಿಕದಲ್ಲಿ ಕಾಲೇಜುಗಳ ನಡುವಣ ಮೊದಲ ಫುಟ್‌ಬಾಲ್ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿ ರಾಜ್ಯದ ನ್ಯೂಬ್ರನ್ಸ್‌ವಿಕ್ ಎಂಬಲ್ಲಿ. ರಟ್ಗರ್ಸ್ ಕಾಲೇಜು ಪ್ರಿನ್ಸ್‌ಟನ್ ತಂಡವನ್ನು 6-4ರಿಂದ ಸೋಲಿಸಿತಂತೆ. ಆ ಊರಿಗೆ ಕೆಲವೇ ಮೈಲಿ ದೂರದಲ್ಲಿ ಎಡಿಸನ್ ಎಂಬ ಊರಿದೆ. ಅಲ್ಲಿ ಭಾರತೀಯರು ಬಹಳ. ಕನ್ನಡದ ಮನೆಗಳೂ ಸಾಕಷ್ಟಿವೆ. ನ್ಯೂಜೆರ್ಸಿಯ ಕನ್ನಡ ಕೂಟದ ಹೆಸರು ‘ಬೃಂದಾವನ’. ಹೆಸರು ಕೇಳಿದೊಡನೆ ನನ್ನ ಕಣ್ಣ ಮುಂದೆ ಕನ್ನಂಬಾಡಿ ಕಟ್ಟೆಯ ಕಾರಂಜಿಗಳು ಚಿಮ್ಮಿದವು. ಕೆ.ಆರ್.ಪೇಟೆ ತಾಲ್ಲೂಕಿನ ಶೀಳನೆರೆಯಲ್ಲಿ ಬಾಳಿದ ನಿವೃತ್ತ ಮೇಷ್ಟರಾದ ನಾನು 2025ರ ಬೇಸಿಗೆಯಲ್ಲಿ ಅದೇ ಎಡಿಸನ್ನಿನಲ್ಲಿ, ಮಗಳ ಮನೆಯಲ್ಲಿದ್ದೆ.

ಆ ವರ್ಷ ಜೂನ್ 3ರ ಮಂಗಳವಾರ ಅಹಮದಾಬಾದಿನಲ್ಲಿ ಐಪಿಎಲ್ ಅಂತಿಮ ಪಂದ್ಯ. ಬೆಂಗಳೂರಿಗೂ ಪಂಜಾಬಿಗೂ ಆಟ. ಬೆಂಗಳೂರು ತಂಡದ ಕಥೆ ನಿಮಗೆ ತಿಳಿದದ್ದೇ. 2008ರಿಂದ ಹದಿನೇಳು ವರ್ಷ ಆಡಿಯೂ ಒಂದು ಬಾರಿಯೂ ಬಟ್ಟಲು ಗೆದ್ದಿರಲಿಲ್ಲ. 2009ರಲ್ಲಿ ಡೆಕ್ಕನ್ ತಂಡದೆದುರು 6 ರನ್ನುಗಳಿಂದ, 2011ರಲ್ಲಿ ಚೆನ್ನೈ ಎದುರು 58ರಿಂದ, 2016ರಲ್ಲಿ ಹೈದರಾಬಾದ್ ಎದುರು 8ರಿಂದ ಅಂತಿಮ ಪಂದ್ಯದಲ್ಲಿಯೇ ಸೋತಿತ್ತು. 2024ರಲ್ಲಿ ಮಹಿಳೆಯರ ತಂಡ ಗೆದ್ದು ಮಾನ ಉಳಿಸಿತ್ತು. ‘ಈ ಸಲ ಕಪ್ ನಮ್ದೇ’ ಎಂಬುದು ನಾಡಿನಲ್ಲಿ ಅರ್ಧ ಹಾರೈಕೆ, ಅರ್ಧ ಹಾಸ್ಯವಾಗಿಹೋಗಿತ್ತು.

ಬೆಳಿಗ್ಗೆ ಹತ್ತಕ್ಕೆ ಆಟ. ಒಂಬತ್ತೂವರೆಗೆಲ್ಲ ಮಗಳ ಮನೆಯ ನೆಲಮಾಳಿಗೆಯಲ್ಲಿ ಇಪ್ಪತ್ತು ಜನ. ಕೆಲಸದ ದಿನವಾದ್ದರಿಂದ ಕೆಲವರ ತೊಡೆಯ ಮೇಲೆ ಲ್ಯಾಪ್‌ಟಾಪು. ಒಂದು ಕಣ್ಣು ಅದರಲ್ಲಿ, ಇನ್ನೊಂದು ಗೋಡೆಯ ಮೇಲಿನ ಟೀವಿಯಲ್ಲಿ. ನಾಗಮಂಗಲದ ಹೆಣ್ಣುಮಗಳು ಪುಳಿಯೋಗರೆ ತಂದಿದ್ದಳು. ಮಂಗಳೂರಿನವರು ನೀರುದೋಸೆ ತಂದಿದ್ದರು. ಕ್ರಿಕೆಟ್ಟಿನ ಗಂಧವೇ ಇಲ್ಲದ ಇಬ್ಬರು ಅಜ್ಜಿಯರು ‘ಮನೇಲಿ ಒಬ್ರೇ ಕೂತು ಏನ್ ಮಾಡೋದು’ ಎಂದು ಬಂದು ಕುಳಿತಿದ್ದರು. ಆ ಒಂದು ಮಾತಿನಲ್ಲಿ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಶೀಳನೆರೆಯ ನಮ್ಮ ಬೀದಿಯ ಜಗಲಿ ನನಗೆ ನೆನಪಾಯಿತು. 1974ರಲ್ಲಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕ ಮೊದಲ ಬಾರಿಗೆ ರಣಜಿ ಟ್ರೋಫಿ ಗೆದ್ದಾಗ ಆ ಜಗಲಿಯ ಮೇಲೆ ಇದ್ದದ್ದು ಒಂದೇ ರೇಡಿಯೊ. 1983ರ ಜೂನ್ 25ರ ರಾತ್ರಿ ಭಾರತ ಲಾರ್ಡ್ಸ್ ಮೈದಾನದಲ್ಲಿ 183 ರನ್ನಿಗೆ ಉರುಳಿದಾಗ ‘ಮುಗೀತು ಬಿಡ್ರಯ್ಯ’ ಎಂದು ಕೆಲವರು ಎದ್ದು ಹೋದರು. ಉಳಿದವರು ಕುಳಿತೆವು. ವೆಸ್ಟ್ ಇಂಡೀಸ್ 140ಕ್ಕೆ ಕುಸಿದಾಗ ಎದ್ದು ಹೋದವರನ್ನು ಮಲಗಿದ್ದಲ್ಲಿಂದ ಎಬ್ಬಿಸಿ ತಂದೆವು. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, ಹದಿನೆಂಟು ವಿಕೆಟ್ ಕಿತ್ತವರು ಬೆಂಗಳೂರಿನ ರೋಜರ್ ಬಿನ್ನಿ ಎಂಬುದು ಜಗಲಿಗೆ ಇನ್ನಷ್ಟು ಹೆಮ್ಮೆ. ಅಲ್ಲಿ ಕುಳಿತವರಲ್ಲಿ ಕಬ್ಬಿನ ಗದ್ದೆಯ ನೀರಿಗಾಗಿ ಬೆಳಿಗ್ಗೆಯಷ್ಟೇ ಜಗಳವಾಡಿಕೊಂಡಿದ್ದ ಇಬ್ಬರಿದ್ದರು. ರೇಡಿಯೊದ ದನಿ ಕ್ಷೀಣಿಸಿದಾಗ ಇಬ್ಬರೂ ಒಟ್ಟಿಗೆ ಕಿವಿಯನ್ನು ಅದಕ್ಕೆ ಆನಿಸಬೇಕಾಯಿತು. ತಲೆಗೆ ತಲೆ ತಾಗಿದ ಮೇಲೆ ಮುನಿಸು ಎಷ್ಟು ಹೊತ್ತು ನಿಂತೀತು?

ಎಡಿಸನ್ನಿನ ನೆಲಮಾಳಿಗೆಯಲ್ಲಿ ನಾನು ಕಂಡದ್ದು ಅದೇ ಜಗಲಿಯನ್ನು. ಅಲ್ಲಿದ್ದವರಲ್ಲಿ ಶೀಳನೆರೆ ಹೋಬಳಿಯ ಹುಡುಗನೊಬ್ಬ ಸಿಕ್ಕಿದ. ಅವನ ತಾಯಿ ತೀರಿಕೊಂಡು ಕೆಲವು ವರ್ಷಗಳಾಗಿವೆ. ತಂದೆ ಹಳ್ಳಿಯಲ್ಲಿ ಒಬ್ಬರೇ. ತೋಟ ಬಿಟ್ಟು ಬರಲೊಲ್ಲರು. ಜಮೀನನ್ನು ಗುತ್ತಿಗೆಗೆ ಕೊಡುವ ಮಾತು ಬಂದಾಗ ಅಪ್ಪ ಮಗನ ನಡುವೆ ಬಿರುಸಾಗಿ, ಅಲ್ಲಿಂದೀಚೆಗೆ ಅವರ ದೂರವಾಣಿ ಸಂಭಾಷಣೆ ಹೀಗೆ ನಡೆಯುತ್ತಿತ್ತಂತೆ: ‘ಊಟ ಆಯ್ತಾ ಮಗ?’ ‘ಆಯ್ತಪ್ಪ. ಮಳೆ ಬಂತಾ?’ ‘ಇಲ್ಲ ಕಣಪ್ಪ.’ ಬಳಿಕ ಇಬ್ಬರಿಗೂ ಮಾತು ತೋಚುತ್ತಿರಲಿಲ್ಲ. ಇಡಲು ಮಾತ್ರ ಇಬ್ಬರಿಗೂ ಮನಸ್ಸಿಲ್ಲ.

ಆ ದಿನ ಅವನು ತನ್ನ ಮೊಬೈಲನ್ನು ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ನಿಲ್ಲಿಸಿದ್ದ. ಅದರಲ್ಲಿ ತಂದೆಯ ಮುಖ. ಅವರು ಹಳ್ಳಿಯ ಮನೆಯ ಟೀವಿಯ ಮುಂದೆ, ನಾವು ಇಲ್ಲಿ. ಇಂಟರ್ನೆಟ್ಟಿನಲ್ಲಿ ಬರುವ ಚಿತ್ರ ತುಸು ತಡ. ಹಳ್ಳಿಯ ಡಿಶ್ಶಿನಲ್ಲಿ ಬೇಗ. ಆದ್ದರಿಂದ ವಿಕೆಟ್ ಬಿದ್ದದ್ದು ಆ ಹಿರಿಯರಿಗೆ ಮೊದಲು ತಿಳಿಯುತ್ತಿತ್ತು. ಮೊದಲ ಬಾರಿ ಅವರು ಕೂಗಿಬಿಟ್ಟರು. ‘ಅಪ್ಪಾ, ಸುಮ್ನಿರಪ್ಪ! ನಮ್ಗಿನ್ನೂ ಬಾಲೇ ಹಾಕಿಲ್ಲ!’ ಎಂದು ಮಗ ಗೋಗರೆದ. ಎಲ್ಲರೂ ನಕ್ಕರು. ಆಮೇಲೆ ಅವರು ಬಾಯಿಗೆ ಟವೆಲು ಹಿಡಿದುಕೊಂಡು ಕುಳಿತರು. ಏನಾದರೊಂದು ಆದಾಗ ಅವರ ಕಣ್ಣು ಅರಳುತ್ತಿತ್ತು. ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಮಗನೂ ನೋಡಿ ಕುಣಿದ ಮೇಲೆಯೇ ಟವೆಲು ತೆಗೆದು ಕೇಳುತ್ತಿದ್ದರು: ‘ನೋಡ್ದಾ ಮಗ?’ ತನಗೆ ತಿಳಿದ ಸಂತೋಷವನ್ನು ಮಗನಿಗೂ ತಲುಪುವವರೆಗೆ ಬಿಗಿಹಿಡಿದು ಕಾಯುವುದು! ತಂದೆತನವೆಂದರೆ ಇನ್ನೇನು?

ಬೆಂಗಳೂರು 190 ರನ್ ಮಾಡಿತ್ತು. ಕೊನೆಯ ಓವರಿನಲ್ಲಿ ಪಂಜಾಬಿಗೆ 29 ಬೇಕಿತ್ತು. ಮೊದಲೆರಡು ಎಸೆತಗಳಲ್ಲಿ ರನ್ ಬರದಿದ್ದಾಗ ವಿರಾಟ್ ಕೊಹ್ಲಿಯ ಕಣ್ಣು ತುಂಬಿತು. ನೆಲಮಾಳಿಗೆಯಲ್ಲಿಯೂ ಹಲವರ ಕಣ್ಣು ತುಂಬಿತು. ಪಂಜಾಬ್ 184ಕ್ಕೆ ನಿಂತಿತು. 2009ರಲ್ಲಿ ಸೋತದ್ದು ಆರು ರನ್ನಿಗೆ. ಈಗ ಗೆದ್ದದ್ದೂ ಆರು ರನ್ನಿಗೆ. ಹಳ್ಳಿಯಲ್ಲಿ ಆಗ ರಾತ್ರಿ ಹನ್ನೊಂದೂವರೆಯ ಸಮಯ. ‘ಮಲಿಕ್ಕೊಳಪ್ಪ’ ಎಂದರೆ ಆ ತಂದೆ ಕೇಳಲಿಲ್ಲ. ಅಪ್ಪ ಮಗ ಇನ್ನೂ ಅರ್ಧ ಗಂಟೆ ಮಾತಾಡಿದರು. ಮಾತು ಕ್ರಿಕೆಟ್ಟಿನಿಂದ ಹೊರಟು ತೆಂಗಿನ ಮರಕ್ಕೆ, ಮರದಿಂದ ಅಮ್ಮನ ನೆನಪಿಗೆ ಬಂದು ನಿಂತಿತು. ಆಟ ಅಲ್ಲಿ ಸೇತುವೆಯಷ್ಟೇ. ಅದರ ಮೇಲೆ ದಾಟಿ ಬಂದದ್ದು ಬೇರೆ.

ಮರುದಿನ ನಡೆದದ್ದನ್ನು ಹೇಳದೆ ಈ ಬರಹ ಮುಗಿಸಿದರೆ ಅದು ಪ್ರಾಮಾಣಿಕವಾಗದು. ಜೂನ್ 4ರ ಸಂಜೆ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಹನ್ನೊಂದು ಜನ ಪ್ರಾಣ ಕಳೆದುಕೊಂಡರು. ಸುಮಾರು 35,000 ಜನಕ್ಕೆ ಸ್ಥಳವಿರುವ ಕ್ರೀಡಾಂಗಣದತ್ತ ಲಕ್ಷಗಟ್ಟಲೆ ಜನ ಹರಿದುಬಂದಿದ್ದರು. ಸತ್ತವರಲ್ಲಿ ಶಾಲೆಗೆ ಹೋಗುವ ಬಾಲಕಿಯಿದ್ದಳು. ನಮ್ಮ ಮಂಡ್ಯ ಜಿಲ್ಲೆಯ ಯುವಕನಿದ್ದ. ನ್ಯೂಜೆರ್ಸಿಯಲ್ಲಿ ಆಗ ಬೆಳಗಿನ ಜಾವ ಕಳೆದಿತ್ತಷ್ಟೆ. ಹಿಂದಿನ ದಿನ ಕುಣಿದಿದ್ದವರು ನಡುಗುವ ಕೈಗಳಿಂದ ಬೆಂಗಳೂರಿಗೆ ಫೋನು ಮಾಡತೊಡಗಿದರು: ತಮ್ಮ ಎಲ್ಲಿದ್ದಾನೆ? ಅಕ್ಕನ ಮಗಳು ಮನೆ ಸೇರಿದಳೇ? ಶನಿವಾರಕ್ಕೆಂದು ಗೊತ್ತುಮಾಡಿದ್ದ ಸಂಭ್ರಮದೂಟ ನಿಂತಿತು. ಆದರೆ ಅವರು ಸೇರುವುದನ್ನು ಬಿಡಲಿಲ್ಲ. ಬಂದರು, ಒಂದಿಷ್ಟು ಹೊತ್ತು ಮೌನವಾಗಿ ನಿಂತರು, ಅನ್ನ ಸಾರು ಉಂಡು ಹೋದರು. ಗೆಲುವಿನ ದಿನ ಸೇರಿದವರು ದುಃಖದ ದಿನವೂ ಸೇರಿದರು.

ಕೂಟಕ್ಕೂ ಗುಂಪಿಗೂ ಇರುವ ಅಂತರವನ್ನು ನಾನು ಆ ವಾರ ಬಹಳ ಯೋಚಿಸಿದೆ. ಅಂದು ಬೀದಿಗೆ ಬಂದವರು ಕೆಟ್ಟವರಲ್ಲ. ಅವರ ಸಂತೋಷವೂ ಸುಳ್ಳಲ್ಲ. ನೆಲಮಾಳಿಗೆಯವರಿಗಿದ್ದ ಅದೇ ಅಭಿಮಾನ ಅವರದೂ ಆಗಿತ್ತು. ಆದರೆ ಗುಂಪಿನಲ್ಲಿ ಪಕ್ಕದವನ ಹೆಸರು ನಮಗೆ ತಿಳಿದಿರುವುದಿಲ್ಲ. ಅವನು ಬಿದ್ದರೆ ಕಾಣುವುದಿಲ್ಲ. ಕಂಡರೂ ನಿಲ್ಲಲು ಎಡೆಯಿರುವುದಿಲ್ಲ. ಕೂಟದಲ್ಲಿ ಹಾಗಲ್ಲ. ಒಬ್ಬ ಬರದಿದ್ದರೆ ‘ಯಾಕೆ ಬರಲಿಲ್ಲ’ ಎಂದು ಕೇಳುವವರಿರುತ್ತಾರೆ. ಬಂದವನಿಗೆ ‘ಉಂಡೆಯಾ’ ಎಂದು ವಿಚಾರಿಸುವವರಿರುತ್ತಾರೆ. ಸಂತೋಷ ದೊಡ್ಡದಾದಷ್ಟೂ ಪಕ್ಕದವನನ್ನು ಗುರುತಿಸುವ ಕಣ್ಣು ಅಗತ್ಯ. ಆ ಕಣ್ಣು ಇಲ್ಲದೆಡೆ ಅಭಿಮಾನವೂ ತುಳಿಯಬಲ್ಲದು.

ದೂರದೇಶಕ್ಕೆ ಹೋದವರಿಗೆ ಈ ಪಾಠವನ್ನು ಒಂಟಿತನ ಕಲಿಸಿದೆ. ಅಲ್ಲಿ ನೆಂಟರಿಲ್ಲ, ಬೀದಿಯ ಪರಿಚಯವಿಲ್ಲ. ಆದ್ದರಿಂದ ಆಟದ ನೆಪದಲ್ಲಾದರೂ ಬಂಧುಗಳನ್ನು ಕಟ್ಟಿಕೊಳ್ಳುತ್ತಾರೆ. ಊರಿನಲ್ಲಿರುವ ನಮಗೆ ಬಂಧುಗಳು ಬೇಕಾದಷ್ಟಿದ್ದಾರೆ. ನಮ್ಮ ಶೀಳನೆರೆಯ ಜಗಲಿ ಇಂದಿಗೂ ಇದೆ, ಕುಳಿತುಕೊಳ್ಳುವವರಿಲ್ಲ. ಮನೆಗೊಂದು ಟೀವಿ, ಕೈಗೊಂದು ಮೊಬೈಲು. ಒಂದೇ ಸಿಕ್ಸರಿಗೆ ಹತ್ತು ಮನೆಗಳಿಂದ ಹತ್ತು ಕೂಗು ಏಳುತ್ತವೆ. ಬಾಗಿಲು ಮಾತ್ರ ಒಂದೂ ತೆರೆಯುವುದಿಲ್ಲ.

ನಿಮ್ಮ ಬೀದಿಯಲ್ಲಿ, ನಿಮ್ಮ ಧರ್ಮಕೇಂದ್ರದಲ್ಲಿ ಮಕ್ಕಳೆಲ್ಲ ಹೊರದೇಶದಲ್ಲಿರುವ ಮನೆಗಳು ಎಷ್ಟಿವೆ, ಒಮ್ಮೆ ಎಣಿಸಿ ನೋಡಿ. ಅಲ್ಲಿ ಒಬ್ಬರೇ ಕುಳಿತು ಆಟ ನೋಡುವ, ಇಲ್ಲವೆ ಬರಿದೆ ಗೋಡೆ ನೋಡುವ ಹಿರಿಯರಿದ್ದಾರೆ. ಮುಂದಿನ ದೊಡ್ಡ ಪಂದ್ಯದ ದಿನ ಅವರನ್ನು ನಿಮ್ಮ ಮನೆಗೆ ಕರೆತನ್ನಿ. ಅವರು ನಡೆಯಲಾರರಾದರೆ ನೀವೇ ಒಂದು ತಟ್ಟೆ ಕೋಡುಬಳೆ ಹಿಡಿದು ಅವರ ಮನೆಗೆ ಹೋಗಿ. ಅವರಿಗೆ ಕ್ರಿಕೆಟ್ ತಿಳಿಯದಿದ್ದರೂ ಚಿಂತೆಯಿಲ್ಲ. ಯಾರು ಗೆದ್ದರೆಂದು ಅವರು ಮರುದಿನ ಮರೆತಾರು. ಯಾರು ಬಂದು ಪಕ್ಕದಲ್ಲಿ ಕುಳಿತರೆಂಬುದನ್ನು ಮರೆಯಲಾರರು.