ಬಿಟ್ಟ ವಸ್ತುವಿನ ಹೊಣೆ

ಮೂವತ್ತು ವರ್ಷಗಳಿಂದ ನಾನು ಕೂಡಿಸಿದ ಹಳೆಯ ಕಂಪ್ಯೂಟರ್ ಬಿಡಿಭಾಗಗಳು ಒಂದು ಕೋಣೆಯನ್ನೇ ತುಂಬಿದ್ದವು: 1985ರಲ್ಲಿ ಹೊರಬಂದ ಇಂಟೆಲ್ 386 ಪ್ರೊಸೆಸರಿನ ಮದರ್‌ಬೋರ್ಡುಗಳು, 1.44 ಮೆಗಾಬೈಟಿನ ಫ್ಲಾಪಿ ಡ್ರೈವುಗಳು, ಬಿಡಿ ಚಿಪ್ಪುಗಳು. ಅವನ್ನೆಲ್ಲ ಮಾರಲು ಕಳೆದ ವರ್ಷ ನಿಶ್ಚಯಿಸಿದೆನು.

ಹಳೆಯ ಸೆರಾಮಿಕ್ ಚಿಪ್ಪುಗಳಲ್ಲಿ ಅತ್ಯಲ್ಪ ಚಿನ್ನವಿರುತ್ತದೆ. ಗುಜರಿ ವ್ಯಾಪಾರಿಯೊಬ್ಬರು ಎಲ್ಲವನ್ನೂ ತೂಕದ ಲೆಕ್ಕದಲ್ಲಿ ಒಳ್ಳೆಯ ಬೆಲೆಗೆ ಕೇಳಿದರು. ಆದರೆ ಪರವಾನಗಿಯಿಲ್ಲದ ಕಡೆಗಳಲ್ಲಿ ಆ ಚಿನ್ನವನ್ನು ತೀಕ್ಷ್ಣ ಆಮ್ಲದಿಂದ ಬಿಡಿಸುವರು. ಅದರ ಹೊಗೆ ಕೆಲಸಗಾರರ ಉಸಿರನ್ನು ಸೇರುತ್ತದೆ. ಉಳಿದ ದ್ರವ ನೆಲಜಲಗಳನ್ನೂ ಅಲ್ಲಿನ ಜೀವರಾಶಿಯನ್ನೂ ಕೆಡಿಸುತ್ತದೆ. ಆ ಹಿಂಸೆಯಲ್ಲಿ ನನ್ನ ಪಾಲೂ ಇರುತ್ತಿತ್ತು.

ಆದುದರಿಂದ ನಡೆಯುವ ಭಾಗಗಳನ್ನು ಹಳೆಯ ಯಂತ್ರಗಳನ್ನು ದುರಸ್ತಿ ಮಾಡುವವರಿಗೆ ಒಂದೊಂದಾಗಿ ಮಾರಿದೆನು. ಆ ಕಾಲದ ಬೋರ್ಡುಗಳಲ್ಲಿನ ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಸೋರಿದುದಕ್ಕೆ ಸೋರಿದೆಯೆಂದೂ, ಪರೀಕ್ಷಿಸದುದಕ್ಕೆ ಪರೀಕ್ಷಿಸಿಲ್ಲವೆಂದೂ ಚೀಟಿ ಅಂಟಿಸಿದೆನು. ಕೆಲವರು ಬೆಲೆ ಇಳಿಸಿದರು. ಕೆಲವರು ಆ ಚೀಟಿಯನ್ನು ನಂಬಿಯೇ ಕೊಂಡರು. ಪೂರ್ಣ ಕೆಟ್ಟುಹೋದವುಗಳನ್ನು 2022ರ ಇ-ತ್ಯಾಜ್ಯ ನಿಯಮಗಳಂತೆ ನೋಂದಾಯಿತವಾದ ಮರುಬಳಕೆ ಘಟಕಕ್ಕೆ ಒಪ್ಪಿಸಿದೆನು. ಆರು ತಿಂಗಳು ಹಿಡಿಯಿತು; ಬಂದ ಹಣವೂ ಕಡಿಮೆಯೇ.

ಬಿಟ್ಟ ವಸ್ತು ಯಾರ ಕೈ ಸೇರಿತೆಂದು ವಿಚಾರಿಸುವುದೂ ಅಪರಿಗ್ರಹದ ಅಂಗವೆಂದು ನನ್ನ ತಿಳಿವಳಿಕೆ. ಹಳೆಯ ವಿದ್ಯುನ್ಮಾನ ಸಾಮಗ್ರಿಗಳನ್ನು ವಿಲೇವಾರಿ ಮಾಡುವ ಕುಟುಂಬಗಳೂ ಬಸದಿಗಳ ಆಡಳಿತ ಮಂಡಳಿಗಳೂ ಈ ಪ್ರಶ್ನೆಯನ್ನು ಕೇಳಿಕೊಳ್ಳಬೇಕಾಗಿ ವಿನಂತಿ.