ಪದ್ಮಿನಿಯ ಬ್ಲಾಕ್ ಬಿರುಕು ಬಿಟ್ಟಾಗ
ಅಪ್ಪ ಬಿಟ್ಟುಹೋದ ಪ್ರೀಮಿಯರ್ ಪದ್ಮಿನಿಯ ಎಂಜಿನ್ ಆಯಿಲ್ ಈ ಬೇಸಿಗೆಯಲ್ಲಿ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತು. ಹೆಡ್ ಗ್ಯಾಸ್ಕೆಟ್ ಬದಲಿಸಿದರೂ ರೇಡಿಯೇಟರ್ ನೀರು ಇಳಿಯುತ್ತಲೇ ಇತ್ತು. 1089 ಸಿಸಿ ಎಂಜಿನ್ ಪೂರ್ತಿ ಬಿಚ್ಚಿದ ಮೆಕ್ಯಾನಿಕ್, ಬ್ಲಾಕಿನಲ್ಲಿ ನೀರು ಹರಿಯುವ ಗೋಡೆಯ ಮೇಲೆ ಕೂದಲೆಳೆಯಂಥ ಬಿರುಕು ತೋರಿಸಿದರು.

"ಗುಜರಿಯಲ್ಲಿ ಹಳೇ ಬ್ಲಾಕ್ ಸಿಗುತ್ತೆ ಸರ್, ಹಾಕಿಬಿಡೋಣ" ಎಂದರು. ಆದರೆ ಎಂಜಿನ್ ನಂಬರ್ ಇರುವುದೇ ಬ್ಲಾಕಿನ ಮೇಲೆ. ಅದು ಬದಲಾದರೆ ಆರ್‌ಸಿಯೂ ತಿದ್ದುಪಡಿಯಾಗಬೇಕು. ದಾಖಲೆಯಿಲ್ಲದ ಬ್ಲಾಕಿಗೆ ಆರ್‌ಟಿಒ ಕಚೇರಿಯಲ್ಲಿ ಏನು ಹೇಳುವುದು?

ಬೆಸುಗೆಯೂ ಸುಲಭವಲ್ಲ. ಎರಕದ ಕಬ್ಬಿಣವನ್ನು ಮೊದಲು ಕಾಯಿಸಿ, ಆಮೇಲೆ ನಿಧಾನವಾಗಿ ಆರಿಸದಿದ್ದರೆ ಪಕ್ಕದಲ್ಲೇ ಹೊಸ ಬಿರುಕು ಬರುತ್ತದೆ. ಕೊನೆಗೆ ಬಿರುಕಿನುದ್ದಕ್ಕೂ ತೂತು ಕೊರೆದು ಲೋಹದ ಪಿನ್ ಕೂರಿಸುವ 'ಕೋಲ್ಡ್ ಸ್ಟಿಚಿಂಗ್' ಮಾಡಿಸಿದೆ. ಎರಡು ತಿಂಗಳ ಸುದ್ದಿ ಸಂಭಾವನೆ ಅದಕ್ಕೇ ಹೋಯಿತು. ಅಪ್ಪನ ಆರ್‌ಸಿಯಲ್ಲಿದ್ದ ನಂಬರೇ ಈಗಲೂ ಗಾಡಿಯಲ್ಲಿದೆ.